ಡಿಕ್ಕಿಯಲ್ಲಿರುವ ಕಲ್ಲು

ನನ್ನ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕಿಯ ಜೊತೆಗೆ ಒಂದು ಕಲ್ಲೂ ಇದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ತೂಕ ಮೂರು ನಾಲ್ಕು ಕಿಲೋ. ಮನೆಯವರೆಲ್ಲ ಅದನ್ನು ನೋಡಿ ನಗುತ್ತಾರೆ. ‘ತಾತನ ಆಸ್ತಿ’ ಎನ್ನುತ್ತಾಳೆ ಮೊಮ್ಮಗಳು. ಅವಳಿಗೆ 18 ತುಂಬಿತು. ಎಲ್‌ಎಲ್‌ಆರ್ ಮಾಡಿಸಿಕೊಂಡು ಬಂದು, “ತಾತಾ, ಕಾರ್ ಓಡಿಸೋದು ಕಲಿಸು” ಅಂದಳು. ಮೊದಲ ಪಾಠವಾಗಿ ಆ ಕಲ್ಲಿನ ಕತೆಯನ್ನೇ ಹೇಳಬೇಕಾಯಿತು. 13 ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಕತೆ.

ನಾನು ಕಾರು ಕಲಿತದ್ದು ಬ್ಯಾಂಕಿನಿಂದ ನಿವೃತ್ತನಾದ ಮೇಲೆ, 60ನೇ ವಯಸ್ಸಿನಲ್ಲಿ. ಸೆಕೆಂಡ್ ಹ್ಯಾಂಡ್ ಮಾರುತಿ 800 ಕೊಂಡೆ. ಕಲಿಸಿದ ಹುಡುಗ ಕ್ಲಚ್ಚು, ಗೇರು, ಸ್ಟೇರಿಂಗ್ ಎಲ್ಲ ಚೆನ್ನಾಗಿಯೇ ಹೇಳಿಕೊಟ್ಟ. ಹ್ಯಾಂಡ್‌ಬ್ರೇಕಿನ ಬಗ್ಗೆ ಮಾತ್ರ, “ನಿಲ್ಲಿಸಿದಾಗ ಎಳೀರಿ ಸಾರ್” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. ನಮ್ಮದು ಬಯಲುಸೀಮೆ. ಬಳ್ಳಾರಿ ಗುಡ್ಡ ಒಂದು ತಲೆ ಎತ್ತಿ ನಿಂತಿದೆ ಎನ್ನುವುದು ಬಿಟ್ಟರೆ ನಮ್ಮ ಓಣಿಯ ನೆಲವೆಲ್ಲ ತಟ್ಟೆಯ ಹಾಗೆ. ಹ್ಯಾಂಡ್‌ಬ್ರೇಕ್ ಎಳೆದರೂ ಒಂದೇ, ಬಿಟ್ಟರೂ ಒಂದೇ.

ಒಂದು ಸಲ ಸಿರುಗುಪ್ಪದಲ್ಲಿ ಮದುವೆ ಮುಗಿಸಿಕೊಂಡು ಹೊರಟಿದ್ದೆ. ಊರು ದಾಟುವಾಗ ಏನೋ ಸುಟ್ಟ ವಾಸನೆ. ಸಿರುಗುಪ್ಪ ಅಂದರೆ ಭತ್ತ, ಅಕ್ಕಿ ಗಿರಣಿ. ಹೊಟ್ಟು ಸುಡುತ್ತಿದ್ದಾರೆ ಅಂದುಕೊಂಡೆ. ಗಿರಣಿಗಳೆಲ್ಲ ಹಿಂದಾದರೂ ವಾಸನೆ ನನ್ನ ಜೊತೆಗೇ ಬರುತ್ತಿತ್ತು! ಬೈಕಿನವನೊಬ್ಬ ಪಕ್ಕಕ್ಕೆ ಬಂದು, “ಹಿಂದಿನ ಗಾಲ್ಯಾಗ ಹೊಗಿ ಬರಾಕತ್ತೈತ್ರೀ” ಅಂದ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಇಳಿಸಿರಲಿಲ್ಲ. ಎದುರಿಗೆ ಕೆಂಪು ದೀಪ ಉರಿಯುತ್ತಲೇ ಇತ್ತು, ಬಿಸಿಲಿನ ಝಳಕ್ಕೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೇವಿನ ಮರದ ಕೆಳಗೆ ಗಂಟೆಗಟ್ಟಲೆ ಕೂತು ಗಾಲಿ ಆರಿಸಿಕೊಂಡು ಬಂದೆ. ಅದನ್ನು ನಾನೇ ಎಲ್ಲರಿಗೂ ಹೇಳಿ ನಗಿಸಿದ್ದೇನೆ.

ಕುರುಗೋಡಿನದು ನಗುವ ಕತೆಯಲ್ಲ.

2011ರಲ್ಲಿ, ದೊಡ್ಡಬಸವೇಶ್ವರನ ದರ್ಶನಕ್ಕೆ ಹೋಗಿದ್ದೆವು. ಮೊಮ್ಮಗಳಿಗೆ ಆಗ 5 ವರ್ಷ, ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಉಳಿದವರು ಗುಡಿಯ ಹತ್ತಿರ ಇಳಿದರು. ನಾನು ಜಾಗ ಹುಡುಕುತ್ತ ಏರು ಓಣಿಯೊಂದರಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಅಭ್ಯಾಸಬಲದಿಂದ ಕರ್ ಕರ್ ಅಂತ ಎರಡೇ ಸದ್ದಿಗೆ ಎಳೆದು, ಗೇರು ನ್ಯೂಟ್ರಲ್‌ನಲ್ಲೇ ಬಿಟ್ಟು, ತೆಂಗಿನಕಾಯಿ ತರಲು ಇಳಿದೆ. ಮಗು ಮಲಗಿದೆ, ಎರಡೇ ನಿಮಿಷ ಅಂದುಕೊಂಡೆ. (ಅಜ್ಜ ಅಜ್ಜಿಯರೇ, ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಬಿಡುವುದೇ ಮೊದಲನೇ ತಪ್ಪು. ನಮ್ಮ ಬಿಸಿಲಿನಲ್ಲಂತೂ ಮುಚ್ಚಿದ ಕಾರು ಒಲೆಯಾಗುತ್ತದೆ.)

ಕಾಯಿಗೆ ದುಡ್ಡು ಕೊಡುತ್ತಿದ್ದೆ. “ಗಾಡಿ! ಗಾಡಿ!” ಎಂದು ಯಾರೋ ಹೆಂಗಸು ಕೂಗಿದಳು. ತಿರುಗಿ ನೋಡಿದರೆ ಕಾರು ಹಿಂದಕ್ಕೆ ಉರುಳುತ್ತಿದೆ, ಸದ್ದಿಲ್ಲದೆ. ಮಗು ಎದ್ದು ಕಿಟಕಿಯಲ್ಲಿ ನನ್ನನ್ನು ನೋಡಿ ಕೈ ಬೀಸುತ್ತಿದೆ. ಅವಳಿಗೆ ಅದೊಂದು ಆಟ. ನಾನು ಓಡಿದೆ. ಆ ಹತ್ತು ಹೆಜ್ಜೆ ಎಷ್ಟು ದೂರ ಇತ್ತು ಅಂತ ಈಗಲೂ ಹೇಳಲಾರೆ. ನನಗಿಂತ ಮೊದಲು ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಎದ್ದು ಬಂದು, ಕಲ್ಲೊಂದನ್ನು ಹಿಂದಿನ ಗಾಲಿಯ ಕೆಳಗೆ ತಳ್ಳಿದರು. ಕಾರು ಒಮ್ಮೆ ಕುಲುಕಿ ನಿಂತಿತು.

“ಏನ್ರೀ ಯಜಮಾನ್ರೇ, ಏರಿನಾಗ ಬಂಡಿ ನಿಲ್ಸಿದ್ರ ಗಾಲಿಗೆ ಕಲ್ಲು ಕೊಡಬೇಕಂತ ಗೊತ್ತಿಲ್ಲೇನ್ರೀ?”

ಗೊತ್ತಿತ್ತು. ಅದೇ ನಾಚಿಕೆ. ಸಿರುಗುಪ್ಪದಲ್ಲಿ ಅಪ್ಪ ಬಂಡಿ ಹೊಡೆಯುತ್ತಿದ್ದಾಗ, ತುಂಗಭದ್ರೆಯ ದಡದ ಏರಿನಲ್ಲಿ ಎತ್ತು ದಣಿದು ನಿಂತರೆ ಕೆಳಗೆ ಹಾರಿ ಗಾಲಿಗೆ ಕಲ್ಲು ಕೊಡುವ ಕೆಲಸ ನನ್ನದೇ ಇತ್ತು. ಅವರ ಅಪ್ಪಣೆ ಕೇಳಿ ಆ ಕಲ್ಲನ್ನು ಡಿಕ್ಕಿಗೆ ಹಾಕಿಕೊಂಡೆ. ಮಾರುತಿ ಹೋಗಿ ಬೇರೆ ಕಾರು ಬಂದಿದೆ, ಕಲ್ಲು ಅದೇ.

ಮಕ್ಕಳೇ, ಹ್ಯಾಂಡ್‌ಬ್ರೇಕ್ ಒಳಗೆ ಏನು ಮಾಡುತ್ತದೆ ಗೊತ್ತೇ? ಕಾಲಿನ ಬ್ರೇಕು ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ನಾಲ್ಕೂ ಗಾಲಿ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕಿನದು ಬೇರೆಯೇ ದಾರಿ. ನಮ್ಮಂಥ ಸಣ್ಣ ಕಾರುಗಳಲ್ಲಿ ಅದು ಒಂದು ತಂತಿಯ ಮೂಲಕ ಹಿಂದಿನ ಎರಡು ಗಾಲಿಗಳನ್ನು ಹಿಡಿಯುತ್ತದೆ, ಸೈಕಲ್ ಬ್ರೇಕಿನ ವೈರ್ ಇದ್ದ ಹಾಗೆ. ಎಳೆದಾಗ ಕರ್ ಕರ್ ಎನ್ನುವುದು ಹಲ್ಲಿನ ಪಟ್ಟಿಗೆ ಕೊಂಡಿ ಸಿಕ್ಕಿಕೊಳ್ಳುವ ಸದ್ದು. ತಂತಿ ಸಡಿಲವಾದರೆ ಹೆಚ್ಚು ಹಲ್ಲು ಏರಿಸಬೇಕು. ನನ್ನ ಹಳೇ ತಂತಿಗೆ ಎರಡು ಸದ್ದು ಏನೇನೂ ಸಾಲುತ್ತಿರಲಿಲ್ಲ ಎಂದು ಬಳ್ಳಾರಿಯ ಮೆಕ್ಯಾನಿಕ್ ಆಮೇಲೆ ತೋರಿಸಿದ. ಗುಂಡಿ ಒತ್ತಿಕೊಂಡು ಎಳೆದರೆ ಹಲ್ಲು ಸವೆಯುವುದಿಲ್ಲ ಎನ್ನುವವರಿದ್ದಾರೆ. ಇರಬಹುದು. ನನಗೆ ಸದ್ದು ಕೇಳಬೇಕು, ಎಣಿಸಬೇಕು. ನೋಟು ಎಣಿಸಿದ ಕೈ!

ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಗೇರೂ ಹಾಕಬೇಕು. ಏರಿಗೆ ಮುಖ ಮಾಡಿದ್ದರೆ ಫಸ್ಟ್, ಇಳಿಜಾರಿಗಾದರೆ ರಿವರ್ಸ್. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ ಇರುತ್ತವಲ್ಲ, ಹಾಗೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿದಿರುತ್ತದೆ. ಇದು ಮುದುಕನ ಪುಕ್ಕಲುತನವೂ ಅಲ್ಲ. ಚಾಲಕನಿಲ್ಲದಾಗ ವಾಹನ ತಾನಾಗಿ ಚಲಿಸದಂತೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಹೇಳುತ್ತದೆ. ಓಡುವ ಕಾರಿನಲ್ಲಿ ಮಾತ್ರ ಅದನ್ನು ಫಕ್ಕನೆ ಎಳೆಯಬಾರದು; ಹಿಂದಿನ ಗಾಲಿ ಕಚ್ಚಿಕೊಂಡು ಕಾರು ಗಿರಕಿ ಹೊಡೆಯುತ್ತದೆ. ಕಾಲಿನ ಬ್ರೇಕು ಕೈಕೊಟ್ಟಾಗ ಕೂಡ ಗುಂಡಿ ಒತ್ತಿ ಹಿಡಿದು, ಮೆಲ್ಲಗೆ, ಸ್ವಲ್ಪ ಸ್ವಲ್ಪವೇ.

ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು ಲೈಸೆನ್ಸ್ ಪರೀಕ್ಷೆಯಲ್ಲೂ ಇದೆ. 1989ರ ಕೇಂದ್ರ ನಿಯಮಗಳ 15ನೇ ನಿಯಮ. ತಟ್ಟೆಯಂಥ ಊರಿನಲ್ಲಿ ಏರು ಎಲ್ಲಿಂದ ತರುವುದು? ಮೊದಲು ಖಾಲಿ ದಿಬ್ಬದ ಮೇಲೆ ವಾರಗಟ್ಟಲೆ ಮಾಡಿಸಿದೆ. ಕಳೆದ ಭಾನುವಾರ ಬೆಳಿಗ್ಗೆ ದುರ್ಗಮ್ಮನ ಗುಡಿ ಹತ್ತಿರದ ರೈಲ್ವೆ ಅಂಡರ್‌ಬ್ರಿಡ್ಜ್‌ಗೆ ಕರೆದುಕೊಂಡು ಹೋದೆ. ಕೆಳಗಿಳಿದು ಮೇಲೇರುವಾಗ ಮುಂದಿನ ಟ್ರ್ಯಾಕ್ಟರ್ ನಿಂತುಬಿಟ್ಟಿತು. ಹಿಂದೆ ಬಂಪರಿಗೆ ಮುಖ ಒತ್ತಿದಂತೆ ಒಂದು ಆಟೋ, ಅದರ ತುಂಬ ಜನ.

“ತಾತಾ, ಹಿಂದಕ್ಕೆ ಹೋದ್ರೆ?”

“ಎಳಿ.”

ಕರ್ ಕರ್ ಕರ್. ಇಬ್ಬರೂ ಎಣಿಸಿದೆವು. ಕಾಲಿನ ಬ್ರೇಕಿನಿಂದ ಕಾಲು ತೆಗೆದಳು, ಕಾರು ಅಲುಗಲಿಲ್ಲ. ಟ್ರ್ಯಾಕ್ಟರ್ ಹೊರಟಿತು. ಆಟೋದವನು ಹಾರ್ನ್ ಒತ್ತಿದ. ಒತ್ತಲಿ. ಫಸ್ಟ್ ಗೇರು, ಸ್ವಲ್ಪ ಆಕ್ಸಿಲರೇಟರು, ಕ್ಲಚ್ಚು ಮೆಲ್ಲಗೆ ಮೇಲೆ. ಎತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ ಕಾರಿನ ಮೂಗು ಚೂರು ಎದ್ದಿತು.

“ಈಗ ಬಿಡು.”

ಬಿಟ್ಟಳು. ಒಂದು ಅಂಗುಲವೂ ಹಿಂದೆ ಸರಿಯದೆ ಮೇಲೆ ಹತ್ತಿ ಬಂದೆವು. ಮನೆ ಮುಟ್ಟಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆದಳು, ಗೇರು ಹಾಕಿದಳು, ನಾನು ಹೇಳದೆಯೇ ಡಿಕ್ಕಿ ತೆಗೆದಳು.