ಮೋಟ್ರು ಪ್ಲೇಟಿನ ಮೇಲಿರೋ 5.5: ಎಚ್‌ಪಿನಾ, ಕಿಲೋವ್ಯಾಟಾ?



ಹೋದ ವರ್ಷ ಏಪ್ರಿಲ್‌ನಲ್ಲಿ ಒಂದೇ ಒಂದು ಅಂಕಿಯನ್ನು ತಪ್ಪಾಗಿ ಓದಿ ನಾನು ಮೋಟ್ರು ಸುಟ್ಟುಕೊಂಡೆ. ನಮ್ಮದು ಹೊಳೆನರಸೀಪುರ ತಾಲ್ಲೂಕು. ಅರ್ಧ ಎಕರೆಗೆ ಶುಂಠಿ ಹಾಕಿ ಹದಿನೈದು ದಿನ ಆಗಿತ್ತು, ಹಳೇ 5 ಎಚ್‌ಪಿ ಮೋಟ್ರು ಕೈಕೊಡ್ತು. ಚನ್ನರಾಯಪಟ್ಟಣದ ಹತ್ತಿರ ನಮ್ಮ ಸೋದರಮಾವನ ತೆಂಗಿನ ತೋಟದಲ್ಲಿ ಒಂದು ಸಬ್‌ಮರ್ಸಿಬಲ್ ಪಂಪ್‌ಸೆಟ್ ಸುಮ್ಮನೆ ಬಿದ್ದಿತ್ತು. "ತಗೊಂಡೋಗಪ್ಪ, ಚೆನ್ನಾಗೇ ಇದೆ" ಅಂದ್ರು ಮಾವ. ಪ್ಲೇಟ್ ಒರೆಸಿ ನೋಡಿದೆ, 5.5 ಅಂತಿತ್ತು. ಅದರ ಪಕ್ಕದ ಅಕ್ಷರ ಸವೆದುಹೋಗಿತ್ತು. ಐದೂವರೆ ಎಚ್‌ಪಿ ಇರಬೇಕು, ನಮ್ಮ 5 ಎಚ್‌ಪಿ ಸ್ಟಾರ್ಟರೇ ಸಾಕು ಅಂದುಕೊಂಡು ಬೋರ್‌ಗೆ ಇಳಿಸಿಬಿಟ್ಟೆವು.

ಅದು ಐದೂವರೆ ಕಿಲೋವ್ಯಾಟ್. ಅಂದ್ರೆ ಏಳೂವರೆ ಎಚ್‌ಪಿ.

ಆನ್ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಸ್ಟಾರ್ಟರ್ ಟ್ರಿಪ್ ಆಗೋದು. ಮತ್ತೆ ಆನ್, ಮತ್ತೆ ಟ್ರಿಪ್. ಊರಿನ ಮೆಕ್ಯಾನಿಕ್ ಒಬ್ಬರು ಬಂದು "ರಿಲೇ ವೀಕಾಗಿದೆ" ಅಂತ ಹೇಳಿ ರಿಲೇಯನ್ನೇ ಬೈಪಾಸ್ ಮಾಡಿಕೊಟ್ರು. ನೀರು ಬಂತಲ್ಲ, ನಾನೂ ಸುಮ್ಮನಾದೆ. ಮೂರನೇ ರಾತ್ರಿ ಒಂದು ಫೇಸ್ ಹೋಯ್ತು. ಹಾಗಾದಾಗ ಉಳಿದೆರಡು ಫೇಸ್‌ನಲ್ಲಿ ಕರೆಂಟ್ ವಿಪರೀತ ಏರುತ್ತೆ. ಆಗ ಮೋಟ್ರು ನಿಲ್ಲಿಸಬೇಕಾದದ್ದೇ ಆ ರಿಲೇ. ಅದೇ ಇರಲಿಲ್ಲ. ಹಾಸನದ ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿದಾಗ ವೈಂಡಿಂಗ್ ಪೂರ್ತಿ ಕಪ್ಪಾಗಿತ್ತು. "ಇದು ಏಳೂವರೆ ಮೋಟ್ರು ಕಣಪ್ಪ, ಐದರ ಸ್ಟಾರ್ಟರ್ ಹಾಕಿದ್ಯಲ್ಲ" ಅಂದ್ರು ಅಂಗಡಿಯ ಹಿರಿಯರು. ಮೋಟ್ರು ಎತ್ತೋ ಕೂಲಿ, ರಿವೈಂಡಿಂಗ್, ಮತ್ತೆ ಇಳಿಸೋ ಕೂಲಿ. ಅಷ್ಟರಲ್ಲಿ ಶುಂಠಿಗೆ ಹನ್ನೊಂದು ದಿನ ನೀರಿಲ್ಲ.

ಲೆಕ್ಕ ಬಹಳ ಸುಲಭ ಇದೆ. ಒಂದು ಎಚ್‌ಪಿ ಅಂದ್ರೆ 746 ವ್ಯಾಟ್, ಹೆಚ್ಚುಕಡಿಮೆ ಮುಕ್ಕಾಲು ಕಿಲೋವ್ಯಾಟ್. ಎಚ್‌ಪಿಯನ್ನು ಕಿಲೋವ್ಯಾಟ್ ಮಾಡಬೇಕಾ, ಮುಕ್ಕಾಲು ಪಾಲು ತಗೊಳ್ಳಿ. ಕಿಲೋವ್ಯಾಟನ್ನು ಎಚ್‌ಪಿ ಮಾಡಬೇಕಾ, ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿ. ಪ್ಲೇಟ್‌ಗಳ ಮೇಲೆ 3 ಎಚ್‌ಪಿಗೆ 2.2 ಅಂತ, 5ಕ್ಕೆ 3.7, 7.5ಕ್ಕೆ 5.5, 10ಕ್ಕೆ 7.5 ಕಿಲೋವ್ಯಾಟ್ ಅಂತ ಇರುತ್ತೆ. 7.5 ಅನ್ನೋ ಅಂಕಿ ಎರಡೂ ಕಡೆ ಬರುತ್ತೆ ನೋಡಿ! ಆನ್‌ಲೈನ್‌ನಲ್ಲಿ ಬರೀ "7.5" ನೋಡಿ ಸ್ಟಾರ್ಟರ್ ಆರ್ಡರ್ ಮಾಡಬೇಡಿ.

ನನ್ನ ಹಾಗೆ ಅಕ್ಷರ ಸವೆದ ಪ್ಲೇಟ್ ಸಿಕ್ಕಿದರೆ ಆಂಪ್ ನೋಡಿ. ತ್ರೀ ಫೇಸ್ ಮೋಟ್ರು ಎಚ್‌ಪಿಗೆ ಸುಮಾರು ಒಂದೂವರೆಯಿಂದ ಎರಡು ಆಂಪ್ ಎಳೆಯುತ್ತೆ. ನಮ್ಮ ಪ್ಲೇಟಿನಲ್ಲಿ 15 ಆಂಪ್ ಅಂತ ಸ್ಪಷ್ಟವಾಗೇ ಇತ್ತು. ಐದೂವರೆ ಎಚ್‌ಪಿ ಮೋಟ್ರು 15 ಆಂಪ್ ಯಾಕೆ ಎಳೆಯುತ್ತೆ ಅಂತ ನಾನು ಕೇಳಿಕೊಳ್ಳಲೇ ಇಲ್ಲ. ರಿಲೇ ಸೆಟ್ ಮಾಡೋವಾಗಲೂ ಪ್ಲೇಟಿನ ಆಂಪೇ ಆಧಾರ, ಈ ಅಂದಾಜು ಅಲ್ಲ.

ಇನ್ನೊಂದು ವಿಷಯ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್. ಪ್ಲೇಟಿನಲ್ಲಿ 9.3 ಅಂತ ಇದ್ದರೆ "ಹತ್ತರೊಳಗೇ ಇದೆಯಲ್ಲ" ಅಂತ ತರಬೇಡಿ. ಅದು ಕಿಲೋವ್ಯಾಟ್ ಆಗಿದ್ದರೆ ಹನ್ನೆರಡೂವರೆ ಎಚ್‌ಪಿ, ಮಿತಿ ದಾಟಿತು. ಮೋಟ್ರು ದೊಡ್ಡದು ಮಾಡಿದಾಗ ಸೆಸ್ಕ್ ಆಫೀಸಿನಲ್ಲಿ ಮಂಜೂರಾದ ಲೋಡ್ ಕೂಡ ಬದಲಾಯಿಸಿಕೊಳ್ಳಬೇಕು. ನಾನು ಅದನ್ನೂ ಮಾಡಿರಲಿಲ್ಲ, ಆಮೇಲೆ ಮಾಡಿಸಿದೆ.

ಅರಕಲಗೂಡಿನ ನನ್ನ ಗೆಳೆಯ ಹೊಗೆಸೊಪ್ಪಿನ ಸಾಲುಗಳ ಮಧ್ಯೆ ಓಡಿಸೋಕೆ ಪವರ್ ವೀಡರ್ ಹುಡುಕ್ತಿದ್ದ. ಫೋನಿನಲ್ಲಿ ಎರಡು ಸ್ಕ್ರೀನ್‌ಶಾಟ್ ಕಳಿಸಿದ, ಒಂದು 7 ಎಚ್‌ಪಿ, ಇನ್ನೊಂದು 5.2 ಕಿಲೋವ್ಯಾಟ್. "ಏಳರದ್ದೇ ತಗೋತೀನಿ ಮಗಾ, ಪವರ್ ಜಾಸ್ತಿ." ಲೆಕ್ಕ ಹಾಕಿ, ಎರಡೂ ಒಂದೇ! ಅವನು ಕೊನೆಗೆ ಸ್ಪೇರ್ ಪಾರ್ಟ್ಸ್ ಹತ್ತಿರದಲ್ಲಿ ಸಿಗೋದನ್ನು ತಗೊಂಡ, ಒಳ್ಳೇದೇ ಮಾಡಿದ. ಕೆಲವು ಎಂಜಿನ್‌ಗಳ ಮೇಲೆ ಪಿಎಸ್ ಅಂತ ಇರುತ್ತೆ. ಅದು ಮೆಟ್ರಿಕ್ ಎಚ್‌ಪಿ, 735.5 ವ್ಯಾಟ್. ವ್ಯತ್ಯಾಸ ನೂರಕ್ಕೆ ಒಂದೂವರೆಯಷ್ಟು, ತಲೆ ಕೆಡಿಸಿಕೊಳ್ಳಬೇಡಿ. ಸಿಸಿ ಮಾತ್ರ ಪವರ್ರೇ ಅಲ್ಲ, ಎಂಜಿನ್ ಸಿಲಿಂಡರಿನ ಅಳತೆ.

ಆದರೆ ಈ ಮೆಟ್ರಿಕ್ ಎಚ್‌ಪಿ ನಮಗೆ ಒಂದು ಕಡೆ ಬಹಳ ಉಪಯೋಗಕ್ಕೆ ಬರುತ್ತೆ. 75 ಕೆಜಿಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಅದು ಒಂದು ಎಚ್‌ಪಿ. ಒಂದು ಲೀಟರ್ ನೀರು ಒಂದು ಕೆಜಿ ತಾನೇ? ಹಾಗಾಗಿ ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಮೇಲಕ್ಕೆ, ಎರಡನ್ನೂ ಗುಣಿಸಿ 75ರಿಂದ ಭಾಗಿಸಿದರೆ ನೀರೆತ್ತೋಕೆ ಬೇಕಾದ ಎಚ್‌ಪಿ ಸಿಗುತ್ತೆ. ನಮ್ಮ ಬೋರ್‌ನಲ್ಲಿ ನೀರು ಸುಮಾರು 330 ಅಡಿ, ಅಂದ್ರೆ 100 ಮೀಟರ್. ಸೆಕೆಂಡಿಗೆ 2 ಲೀಟರ್ ಬೇಕು. 200 ಭಾಗಿಸು 75, ಬಂದಿದ್ದು 2.7. ಪಂಪಿನಲ್ಲಿ ಅರ್ಧದಷ್ಟು ಶಕ್ತಿ ನಷ್ಟ ಅಂತಿಟ್ಟುಕೊಂಡರೆ ಐದಕ್ಕಿಂತ ಸ್ವಲ್ಪ ಜಾಸ್ತಿ. ಪೈಪಿನ ಉಜ್ಜಾಟ, ಡ್ರಿಪ್ಪಿನ ಪ್ರೆಶರ್ ಬೇರೆ. ಅಂದ್ರೆ ಮಾವ ಕೊಟ್ಟ ಏಳೂವರೆ ನಮಗೆ ಸರಿಯಾದ ಮೋಟ್ರೇ ಆಗಿತ್ತು. ತಪ್ಪಿದ್ದು ಸ್ಟಾರ್ಟರ್.

ಈಗ ಅದೇ ಮೋಟ್ರು ಏಳೂವರೆಯ ಸ್ಟಾರ್ಟರ್ ಹಾಕಿಕೊಂಡು ಓಡ್ತಿದೆ, ರಿಲೇ ಸಮೇತ. ಒಂದ್ಸಲ ಬೋರ್‌ಗೆ ಇಳಿದ ಮೇಲೆ ಪ್ಲೇಟ್ ಕಣ್ಣಿಗೆ ಕಾಣಲ್ಲ, ಅದಕ್ಕೆ ಇಳಿಸೋ ಮುಂಚೆ ಫೋಟೋ ತೆಗೆದು ಅಪ್ಪನ ಫೋನಿಗೂ ಕಳಿಸಿಟ್ಟೆ. ಸ್ಟಾರ್ಟರ್ ಡಬ್ಬಿಯ ಬಾಗಿಲ ಒಳಗೆ ಪೇಂಟಿನಲ್ಲಿ ಬರೆದಿದ್ದೀನಿ: 7.5 ಎಚ್‌ಪಿ, 5.5 ಕಿಲೋವ್ಯಾಟ್, 15 ಆಂಪ್. ಶುಂಠಿ ಮುಕ್ಕಾಲು ಪಾಲು ಚಿಗುರಿತು, ಉಳಿದ ಕಡೆ ಮತ್ತೆ ಬಿತ್ತನೆ ಗೆಡ್ಡೆ ತಂದು ಊರಿದೆವು.