ಬಾಳಿಗೊಂದು ಬೆಲೆ

ಜಪಾನೀ ಭಾಷೆಯಲ್ಲಿ ‘ಇಕಿಗಾಯ್’ ಎಂಬ ಮಾತೊಂದಿದೆ. ‘ಇಕಿ’ ಎಂದರೆ ಬಾಳುವುದು. ‘ಗಾಯ್’ ಎಂದರೆ ಬೆಲೆ, ಫಲ, ಸಾರ್ಥಕ್ಯ. ಬಾಳಿದ್ದಕ್ಕೆ ದೊರೆತ ಬೆಲೆ ಎಂದು ಒಟ್ಟರ್ಥ ಹೇಳಬಹುದು. ಈಚಿನ ವರ್ಷಗಳಲ್ಲಿ ಈ ಮಾತು ಕಡಲು ದಾಟಿ ಜಗತ್ತನ್ನೆಲ್ಲ ಸುತ್ತಿದೆ. ಅದರ ಜೊತೆಯಲ್ಲಿ ನಾಲ್ಕು ವೃತ್ತಗಳ ಚಿತ್ರವೊಂದೂ ಹೊರಟಿದೆ. ನಮಗೆ ಪ್ರಿಯವಾದದ್ದು, ನಮಗೆ ಚೆನ್ನಾಗಿ ಬರುವುದು, ಲೋಕಕ್ಕೆ ಬೇಕಾದದ್ದು, ಹಣ ತರುವುದು. ಈ ನಾಲ್ಕೂ ಕೂಡುವ ಎಡೆಯೇ ಇಕಿಗಾಯ್ ಎನ್ನುತ್ತದೆ ಆ ಚಿತ್ರ. ನೋಡಲು ಅಂದವಾಗಿದೆ, ಆದರೆ ಅದು ಜಪಾನಿನದಲ್ಲ. ಸ್ಪೇನಿನಲ್ಲಿ ಹುಟ್ಟಿದ ಚಿತ್ರಕ್ಕೆ 2014ರಲ್ಲಿ ಪಶ್ಚಿಮದ ಬರಹಗಾರರೊಬ್ಬರು ಇಟ್ಟ ಹೆಸರು ಅಷ್ಟೆ. ಜಪಾನಿನ ಮನೆಮಾತಿನ ಇಕಿಗಾಯ್‌ಗೆ ಹಣದ ಗೊಡವೆಯಿಲ್ಲ. ಲೋಕೋದ್ಧಾರದ ಹೊರೆಯೂ ಇಲ್ಲ. ಮೊಮ್ಮಗಳ ಮುಖ ನೋಡುವುದು ಒಬ್ಬ ಅಜ್ಜಿಯ ಇಕಿಗಾಯ್ ಆಗಬಹುದು. ಹಿತ್ತಿಲಿನ ಗಿಡಗಳಿಗೆ ನೀರೆರೆಯುವುದು ಮತ್ತೊಬ್ಬರದಾಗಬಹುದು.

‘ಯಾವ ಪುರುಷಾರ್ಥಕ್ಕೆ ಇದೆಲ್ಲ?’ ಎಂದು ಬೇಸರದ ಹೊತ್ತಿನಲ್ಲಿ ನಾವೂ ಕೇಳಿಕೊಳ್ಳುತ್ತೇವೆ. ಪ್ರಶ್ನೆ ಎರಡು ಭಾಷೆಗಳಲ್ಲೂ ಒಂದೇ. ಆದರೆ ಪುರುಷಾರ್ಥ ಎಂದೊಡನೆ ನಮ್ಮ ಕಣ್ಣು ದೂರದ ಗುರಿಯತ್ತ ಹೊರಳುತ್ತದೆ. ಜಪಾನಿಯರ ‘ಗಾಯ್’ ಅಷ್ಟು ದೂರ ಹೋಗುವುದಿಲ್ಲ. ಮಾಡುವ ಕೆಲಸದಲ್ಲಿ ಕಾಣುವ ಸಾರ್ಥಕ್ಯಕ್ಕೆ ‘ಯಾರಿಗಾಯ್’ ಎನ್ನುತ್ತಾರೆ. ದುಡಿಮೆಯಲ್ಲಿ ಕಾಣುವುದಕ್ಕೆ ‘ಹತರಾಕಿಗಾಯ್’. ಕ್ರಿಯೆಗೆ ಅಂಟಿಕೊಂಡೇ ಅದರ ಫಲವೂ ಇದೆ.

ಈ ಮಾತನ್ನು ಗಂಭೀರ ವಿಚಾರಕ್ಕೆ ಒಳಪಡಿಸಿದವರಲ್ಲಿ ಮುಖ್ಯರು ಮಿಯೆಕೊ ಕಾಮಿಯಾ (1914–1979) ಎಂಬ ಮನೋವೈದ್ಯೆ. ತಾರುಣ್ಯದಲ್ಲಿ ಕ್ಷಯರೋಗಕ್ಕೆ ತುತ್ತಾಗಿ ಚೇತರಿಸಿಕೊಂಡವರು. ಮಾರ್ಕಸ್ ಅರೇಲಿಯಸ್‌ನ ಚಿಂತನೆಗಳನ್ನು ಜಪಾನೀ ಭಾಷೆಗೆ ತಂದವರು. 1966ರಲ್ಲಿ ಅವರು ಬರೆದ ‘ಇಕಿಗಾಯ್ ನಿ ತ್ಸುಯಿತೆ’, ಎಂದರೆ ‘ಇಕಿಗಾಯ್ ಕುರಿತು’ ಎಂಬ ಗ್ರಂಥ ಈ ವಿಷಯದ ಮೂಲಗ್ರಂಥವೆನಿಸಿದೆ. ಆ ಗ್ರಂಥದ ಬೇರು ಇರುವುದು ಸುಖಿಗಳ ನಡುವೆ ಅಲ್ಲ, ಕುಷ್ಠರೋಗಿಗಳ ನಡುವೆ.

ಜಪಾನಿನ ಒಳಗಡಲಲ್ಲಿ, ಒಕಾಯಾಮಾ ಪ್ರಾಂತದ ಕರಾವಳಿಗೆ ಕಲ್ಲೆಸೆತದ ದೂರದಲ್ಲಿ, ನಾಗಾಶಿಮಾ ಎಂಬ ದ್ವೀಪವಿದೆ. 1930ರಲ್ಲಿ ಸ್ಥಾಪಿತವಾದ ಆಯ್ಸೆಯ್‌ಯೆನ್ ಎಂಬ ರಾಷ್ಟ್ರೀಯ ಕುಷ್ಠಧಾಮ ಇರುವುದು ಅಲ್ಲಿ. ವಿದ್ಯಾರ್ಥಿನಿಯಾಗಿದ್ದಾಗ, 1943ರಲ್ಲಿ, ಕಾಮಿಯಾ ಅಲ್ಲಿಗೆ ಹೋದರು. 1957ರಿಂದ ಹಲವು ವರ್ಷ ಮನೋವೈದ್ಯೆಯಾಗಿ ಹೋಗಿಬರುತ್ತಿದ್ದರು. ಅವರು ಕಂಡದ್ದು ವಿಚಿತ್ರ. ರೋಗದ ಬಾಧೆ ಕಡಮೆಯಿದ್ದು, ಅನ್ನ ವಸತಿಗಳಿಗೆ ಕೊರತೆಯಿಲ್ಲದ ಅನೇಕರು ದಿನಗಳೆಲ್ಲ ಅರ್ಥಹೀನವೆಂದು ಕುಗ್ಗಿದ್ದರು. ಕಣ್ಣು ಕಳೆದುಕೊಂಡ, ಕೈಕಾಲು ಸವೆದ ಕೆಲವರ ಮುಖದಲ್ಲಿಯೋ ಬಾಳಿನ ಕಳೆಯಿತ್ತು. ಕಣ್ಣಿನೊಡನೆ ಬೆರಳಿನ ಸ್ಪರ್ಶವೂ ಅಳಿದವರು ನಾಲಿಗೆಯ ತುದಿಯಿಂದ ಬ್ರೈಲ್ ಲಿಪಿಯನ್ನು ಓದಲು ಕಲಿತರು. ಕುರುಡರು ಕೂಡಿ ಹಾರ್ಮೋನಿಕಾ ವಾದ್ಯವೃಂದ ಕಟ್ಟಿದರು.

ಇದರಿಂದ ಕಾಮಿಯಾ ಒಂದು ಭೇದವನ್ನು ಗುರುತಿಸಿದರು. ಬಾಳಿಗೆ ಬೆಲೆ ತರುವ ವಸ್ತು ಬೇರೆ, ಬೆಲೆಯಿದೆ ಎಂಬ ಅನುಭವ ಬೇರೆ. ವಸ್ತು ಎಷ್ಟೇ ಚಿಕ್ಕದಾಗಿರಲಿ, ನಾಳೆಯತ್ತ ಮುಖ ಮಾಡಿಸುವ ಶಕ್ತಿ ಅದಕ್ಕಿದ್ದರೆ ಸಾಕು, ಅನುಭವ ಹುಟ್ಟುತ್ತದೆ. ಈ ಅನುಭವಕ್ಕಾಗಿ ಮನಸ್ಸು ಬಯಸುವ ಸಂಗತಿಗಳನ್ನು ಅವರು ಪಟ್ಟಿಮಾಡಿದ್ದಾರೆ: ತುಂಬುತನ, ಬೆಳವಣಿಗೆ, ಭವಿಷ್ಯ, ಸ್ವಾತಂತ್ರ್ಯ, ಆತ್ಮವಿಕಾಸ, ಅರ್ಥ, ಇವುಗಳೊಡನೆ ‘ಹಂಕ್ಯೋ’, ಎಂದರೆ ಪ್ರತಿಧ್ವನಿ. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಈ ಕೊನೆಯದು. ನಾನು ಕೂಗಿದರೆ ಓಗೊಡುವವರು ಯಾರೋ ಇದ್ದಾರೆ ಎಂಬ ಭರವಸೆ ಅದು. ವಾದ್ಯವೃಂದದಲ್ಲಿ ಒಬ್ಬನ ಸ್ವರಕ್ಕೆ ಮತ್ತೊಬ್ಬನ ಸ್ವರ ಕಾದಿರುತ್ತದೆ. ಒಂಟಿಯಾಗಿ ಕುಳಿತು ವೃತ್ತಗಳನ್ನು ತುಂಬುವವನಿಗೆ ಸಿಗಲಾರದ್ದು ಇದೇ.

ಆದರೆ ಇಲ್ಲೊಂದು ಎಚ್ಚರ ಬೇಕು. ಸಂಕಟದಲ್ಲಿಯೂ ತೃಪ್ತಿ ಕಂಡವರಿದ್ದಾರೆಂದು ಸಂಕಟವನ್ನು ಹಾಗೆಯೇ ಉಳಿಸಬಹುದೆ? ಕುಷ್ಠಕ್ಕೆ ಮದ್ದು ಬಂದ ಮೇಲೂ ಜಪಾನ್ 1953ರಲ್ಲಿ ಹೊಸ ಕಾಯಿದೆ ಮಾಡಿ ರೋಗಿಗಳ ಪ್ರತ್ಯೇಕವಾಸವನ್ನು ಮುಂದುವರಿಸಿತು. 1996ರವರೆಗೂ ಅದು ರದ್ದಾಗಲಿಲ್ಲ. ಪ್ರತ್ಯೇಕವಾಸದ ವಿರುದ್ಧ ಕಾಮಿಯಾ ಗಟ್ಟಿಯಾಗಿ ದನಿ ಎತ್ತಲಿಲ್ಲವೆಂಬ ಟೀಕೆ ಮುಂದೆ ಬಂತು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ದನಿ ಎತ್ತಿದವರು ಸ್ವತಃ ರೋಗಿಗಳು. ದ್ವೀಪಕ್ಕೆ ಸೇತುವೆ ಬೇಕೆಂದು ಕೇಳುತ್ತಲೇ ಬಂದರು. ಅಷ್ಟು ಕಿರಿದಾದ ಜಲಸಂಧಿಗೆ 1988ರಲ್ಲಿ ಸೇತುವೆಯಾಯಿತು. 1998ರಲ್ಲಿ ಕ್ಯೂಶೂ ದ್ವೀಪದ ಕುಷ್ಠಧಾಮಗಳ ನಿವಾಸಿಗಳು ಸರ್ಕಾರದ ಮೇಲೆ ಮೊಕದ್ದಮೆ ಹೂಡಿದರು. ಪ್ರತ್ಯೇಕವಾಸದ ನೀತಿ ಸಂವಿಧಾನಬಾಹಿರವಾಗಿತ್ತೆಂದು 2001ರಲ್ಲಿ ಕುಮಾಮೊತೊ ನ್ಯಾಯಾಲಯ ತೀರ್ಪಿತ್ತಿತು.

ಹಾಗಾದರೆ ತೃಪ್ತಿಯೂ ಹೋರಾಟವೂ ಪರಸ್ಪರ ವಿರೋಧಿಗಳೆ? ಅಲ್ಲವೆಂದೇ ನನ್ನ ಎಣಿಕೆ. ತನ್ನ ಬಾಳಿಗೆ ಬೆಲೆಯಿದೆ ಎಂದು ಅರಿತವನು ಮಾತ್ರ ಆ ಬೆಲೆಯನ್ನು ಲೋಕದಿಂದ ಕೇಳಿ ಪಡೆಯಬಲ್ಲ. ಇದ್ದುದರಲ್ಲಿ ಸುಮ್ಮನಿರು ಎಂಬ ಉಪದೇಶ ಇಕಿಗಾಯ್ ಅಲ್ಲ. ದೊಡ್ಡ ಗುರಿ ಸಿಕ್ಕುವವರೆಗೆ ಬಾಳು ಬರಿದೆಂಬ ಭ್ರಮೆಯನ್ನು ಅದು ಕಳೆಯುತ್ತದೆ. ನಾಲಿಗೆಯಿಂದ ಒಂದು ಪುಟ ಓದಿ ಮುಗಿಸಿದವನಿಗೆ ನಾಳೆ ಇನ್ನೊಂದು ಪುಟ ಕಾದಿರುತ್ತದೆ. ಅಷ್ಟರ ಮಟ್ಟಿಗೆ ಆ ದಿನಕ್ಕೊಂದು ಬೆಲೆ ಬಂದಂತಾಯಿತು.

(ಬಾನುಲಿ ಭಾಷಣದ ಬರಹರೂಪ)