ದೂರದ ಗುಮಾಸ್ತ: ಅಮೆರಿಕದ ಕೊಳಾಯಿ ವೃತ್ತಿಯಲ್ಲೊಂದು ಹೊಸ ಏರ್ಪಾಡು

ಕೈಕಸುಬುಗಳಲ್ಲಿ ಕೆಲವನ್ನು ದೂರದಲ್ಲಿ ಕುಳಿತು ಮಾಡಲು ಬರುವುದಿಲ್ಲ. ಬಟ್ಟೆಯನ್ನು ಒಂದು ದೇಶದಲ್ಲಿ ನೇಯ್ದು ಮತ್ತೊಂದರಲ್ಲಿ ಮಾರಬಹುದು. ಒಡೆದ ಕೊಳವೆಯನ್ನಾದರೋ ಅದಿರುವ ಮನೆಯಲ್ಲಿಯೇ ಮೊಣಕಾಲೂರಿ ಸರಿಪಡಿಸಬೇಕು. ಇಂತಹ ವೃತ್ತಿಯ ಒಂದು ಭಾಗವೂ ಈಚೆಗೆ ಸಮುದ್ರ ದಾಟಿ ಹೋಗಿರುವುದು ಇತಿಹಾಸದ ವಿದ್ಯಾರ್ಥಿಯ ಗಮನಕ್ಕೆ ಅರ್ಹವಾದ ಸಂಗತಿ. ಕರೆಗೆ ಉತ್ತರ ಕೊಡುವುದು, ದಿನ ಗೊತ್ತುಮಾಡುವುದು, ಬಿಲ್ಲು ಬರೆಯುವುದು, ಬಾಕಿಯನ್ನು ಜ್ಞಾಪಿಸುವುದು ಮುಂತಾದ ಕೆಲಸಗಳನ್ನು ಅಮೆರಿಕದ ಸಣ್ಣ ಪ್ಲಂಬಿಂಗ್ ಉದ್ಯಮಗಳು ಪರದೇಶದಲ್ಲಿರುವ ಸಹಾಯಕರಿಗೆ ವಹಿಸುತ್ತಿವೆ. ಇಂಥವರನ್ನು ಆ ದೇಶದಲ್ಲಿ ‘ವರ್ಚುಯಲ್ ಅಸಿಸ್ಟೆಂಟ್’ ಎನ್ನುತ್ತಾರೆ. ಕನ್ನಡದಲ್ಲಿ ದೂರದ ಗುಮಾಸ್ತನೆಂದರೆ ಅರ್ಥಕ್ಕೆ ಕೊರತೆಯಾಗದು.

ಈ ಅವಶ್ಯಕತೆಯ ಮೂಲ ಸರಳವಾದುದು. ಯಜಮಾನನೊಬ್ಬ, ಅವನ ಕೈಕೆಳಗೆ ಇಬ್ಬರೋ ಮೂವರೋ ಕೆಲಸಗಾರರು: ಸಣ್ಣ ಉದ್ಯಮವೆಂದರೆ ಇಷ್ಟೆ. ಯಜಮಾನ ತೊಟ್ಟಿಯ ಕೆಳಗೆ ತಲೆಯಿಟ್ಟು ದುಡಿಯುತ್ತಿರುವಾಗ ಟೆಲಿಫೋನು ಬಾರಿಸಿದರೆ ಒದ್ದೆ ಕೈಯಲ್ಲಿ ಅದನ್ನು ಎತ್ತುವಂತಿಲ್ಲ. ಎತ್ತದಿದ್ದರೆ ಕರೆದವರು ಮುಂದಿನ ಹೆಸರನ್ನು ಹುಡುಕುತ್ತಾರೆ. ಹಿಂದೆ ಈ ಭಾರವನ್ನು ಎಷ್ಟೋ ಮನೆಗಳಲ್ಲಿ ಯಜಮಾನನ ಹೆಂಡತಿ ಹೊರುತ್ತಿದ್ದಳು. ಲೆಕ್ಕದ ಪುಸ್ತಕವೂ ಅವಳದೇ. ಆ ದುಡಿಮೆಗೆ ಪ್ರತ್ಯೇಕ ಸಂಬಳವಿಲ್ಲದಿದ್ದುದರಿಂದ ಅದೊಂದು ಉದ್ಯೋಗವೆಂದು ಯಾರೂ ಎಣಿಸಲಿಲ್ಲ. ಅದನ್ನು ಹಣ ಕೊಟ್ಟು ಮಾಡಿಸಬೇಕಾಗಿ ಬಂದಾಗ ಅದರ ಬೆಲೆ ತಿಳಿಯಿತು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವುಂಟು. ಕರ್ನಾಟಕ ಸರ್ಕಾರದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯಾಗಿದ್ದ ವಿವೇಕ್ ಕುಲಕರ್ಣಿಯವರು ಇಲ್ಲಿ ‘ಬ್ರಿಕ್‌ವರ್ಕ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು; ‘ಯುವರ್ ಮ್ಯಾನ್ ಇನ್ ಇಂಡಿಯಾ’ ಎಂದು ಆರಂಭವಾದ ಮತ್ತೊಂದು ಸಂಸ್ಥೆ ಮುಂದೆ ‘ಗೆಟ್‌ಫ್ರೈಡೇ’ ಎನಿಸಿತು. 2005ರಲ್ಲಿ ಎ. ಜೆ. ಜೇಕಬ್ಸ್ ಎಂಬ ಅಮೆರಿಕದ ಲೇಖಕ ತನ್ನ ದಿನನಿತ್ಯದ ವ್ಯವಹಾರಗಳನ್ನು ಬೆಂಗಳೂರಿನ ಸಹಾಯಕರಿಗೆ ಒಪ್ಪಿಸಿದ ಅನುಭವವನ್ನು ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬರೆದ. 2007ರಲ್ಲಿ ಪ್ರಕಟವಾದ ತಿಮೊತಿ ಫೆರಿಸ್‌ನ ಪುಸ್ತಕವೊಂದು ಈ ಪದ್ಧತಿಗೆ ಇನ್ನೂ ಪ್ರಚಾರ ತಂದಿತು. ಆ ಬರಹಗಳೆಲ್ಲ ವಿನೋದದ ಧಾಟಿಯವು. ಗುಮಾಸ್ತನ ಕೆಲಸವೆಂದರೆ ಯಾರು ಬೇಕಾದರೂ ಮಾಡಬಹುದಾದ ಚಿಲ್ಲರೆ ಕೆಲಸವೆಂಬ ಭಾವನೆ ಅವುಗಳಲ್ಲಿ ಸುಳಿಯುತ್ತದೆ. ಕೊಳಾಯಿ ವೃತ್ತಿಯ ಮಟ್ಟಿಗೆ ಈ ಭಾವನೆ ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಟೆಕ್ಸಾಸ್ ರಾಜ್ಯದ ನಿದರ್ಶನದಿಂದ ಇದು ಸ್ಪಷ್ಟವಾಗುವುದು.

1937ರ ಮಾರ್ಚ್ 18ರಂದು ಆ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ನೈಸರ್ಗಿಕ ಅನಿಲ ಸೋರಿ, ನೆಲದ ಕೆಳಗೆ ಸಂಚಯವಾಗಿ ಸ್ಫೋಟಿಸಿತು. ಸುಮಾರು 300 ಮಂದಿ ಮಕ್ಕಳೂ ಉಪಾಧ್ಯಾಯರೂ ಮಡಿದರು. ಆ ಅನಿಲಕ್ಕೆ ಸ್ವಭಾವತಃ ವಾಸನೆಯಿಲ್ಲ; ಆದುದರಿಂದ ಸೋರಿಕೆ ಯಾರ ಗಮನಕ್ಕೂ ಬಂದಿರಲಿಲ್ಲ. ಅನಿಲಕ್ಕೆ ದುರ್ವಾಸನೆಯ ವಸ್ತುವನ್ನು ಬೆರೆಸಲೇಬೇಕೆಂದು ಟೆಕ್ಸಾಸ್ ಆ ವರ್ಷವೇ ವಿಧಿಸಿತು. ಪ್ಲಂಬರುಗಳಿಗೆ ಪರವಾನಗಿ ಕಡ್ಡಾಯಗೊಳಿಸಿದ ಕಾಯಿದೆ 1947ರಲ್ಲಿ ಬಂದಿತು. ಅಲ್ಲಿ ಮನೆಯೊಳಗಿನ ಅನಿಲದ ಕೊಳವೆಗಳೂ ಪ್ಲಂಬರನ ಕೆಲಸಕ್ಕೇ ಸೇರಿವೆ ಎಂಬುದನ್ನು ನೆನಪಿನಲ್ಲಿಡಬೇಕು.

ಈಗ ಒಂದು ಕರೆಯನ್ನು ಊಹಿಸಿಕೊಳ್ಳೋಣ. ‘ಅಡಿಗೆಮನೆಯ ಬಚ್ಚಲಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ, ಯಾರನ್ನಾದರೂ ನಾಳೆ ಕಳಿಸಿ’ ಎಂದು ಗೃಹಿಣಿಯೊಬ್ಬಳು ಹೇಳುತ್ತಾಳೆ. ಚರಂಡಿಯ ಗಾಳಿಗೂ ಕೊಳೆತ ಮೊಟ್ಟೆಯ ವಾಸನೆಯುಂಟು. ಅನಿಲಕ್ಕೆ ಬೆರೆಸಿದ ವಸ್ತುವೂ ಹೆಚ್ಚುಕಡಮೆ ಹಾಗೆಯೇ ನಾರುತ್ತದೆ. ತಿಳಿಯದ ಗುಮಾಸ್ತ ‘ನಾಳೆ ಹತ್ತು ಗಂಟೆ’ ಎಂದು ಬರೆದುಕೊಂಡು ವಂದನೆ ಹೇಳುವನು. ತಿಳಿದವನು ಆಕೆಯನ್ನು ಮಾತಿನಲ್ಲಿ ನಿಲ್ಲಿಸಿಕೊಳ್ಳದೆ, ದೀಪದ ಗುಂಡಿಯನ್ನು ಮುಟ್ಟಬೇಡಿ, ಎಲ್ಲರೂ ಈಗಲೇ ಹೊರಗೆ ಹೋಗಿ, ಹೊರಗಿನಿಂದ ಅನಿಲದ ಕಂಪೆನಿಗೆ ಫೋನು ಮಾಡಿ ಎನ್ನುವನು. ಬಚ್ಚಲಿನದೇ ವಾಸನೆಯಾಗಿದ್ದರೆ ಆಮೇಲೆ ತಿಳಿಯುತ್ತದೆ, ನಷ್ಟವಿಲ್ಲ. ಇಂಗ್ಲಿಷಿನ ಉಚ್ಚಾರಣೆಯನ್ನು ಎಷ್ಟು ತಿದ್ದಿದರೂ ಈ ವಿವೇಚನೆ ಬರುವುದಿಲ್ಲ. ಸಹಾಯಕನನ್ನು ಆರಿಸುವಾಗ ಯಜಮಾನರು ಧ್ವನಿಯನ್ನೂ ಬೆರಳಚ್ಚಿನ ವೇಗವನ್ನೂ ಪರೀಕ್ಷಿಸುವರಂತೆ. ಇಂಥ ಹತ್ತು ಕರೆಗಳನ್ನು ಮುಂದಿಟ್ಟು ಪರೀಕ್ಷಿಸುವುದು ಮೇಲು.

ನೀರಿನ ವಿಷಯದಲ್ಲಿಯೂ ಹೀಗೆಯೇ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸಿನ ಅಸಂಖ್ಯಾತ ಮನೆಗಳ ಕೊಳವೆಗಳು ಒಡೆದುಹೋದವು. ಅಂಥ ದಿನ ಪ್ಲಂಬರು ಎಲ್ಲ ಕಡೆಗೂ ಹೋಗಲಾರ. ಆದರೆ ‘ನೀರು ಈಗಲೂ ಹರಿಯುತ್ತಿದೆಯೆ? ಮುಖ್ಯ ವಾಲ್ವು ಎಲ್ಲಿದೆ? ಬೀದಿಯ ಪಕ್ಕದ ಮೀಟರಿನ ಪೆಟ್ಟಿಗೆಯನ್ನು ತೆರೆದು ನೋಡಿ’ ಎನ್ನಬಲ್ಲ ಗುಮಾಸ್ತ ಸಾವಿರಾರು ಮೈಲಿ ದೂರದಿಂದಲೇ ಒಂದು ಮನೆಯ ನೆಲವನ್ನು ಉಳಿಸಬಲ್ಲ. ಕೈಕೆಲಸ ಮಾತ್ರ ದೂರದಿಂದ ಆಗದು. ಅದರ ಮೊದಲ ಪ್ರಶ್ನೆ ಆಗುತ್ತದೆ.

ಗಡಿಯಾರದ ಮಾತು ಉಳಿದಿದೆ. ಚಳಿಗಾಲದಲ್ಲಿ ಹ್ಯೂಸ್ಟನ್ ನಗರಕ್ಕೂ ಬೆಂಗಳೂರಿಗೂ ಹನ್ನೊಂದೂವರೆ ಗಂಟೆಗಳ ಅಂತರ. ಅಲ್ಲಿಯ ನಡುರಾತ್ರಿಯ ಆಪತ್ತಿಗೆ ಇಲ್ಲಿ ಬೆಳಿಗ್ಗೆ ಹನ್ನೊಂದೂವರೆಯ ನಿದ್ದೆಯಿಲ್ಲದ ಕಣ್ಣು ಸಿಕ್ಕುವುದು ಯಜಮಾನನಿಗೆ ದೊಡ್ಡ ಅನುಕೂಲ. ಆದರೆ ಹೆಚ್ಚಿನ ಕರೆಗಳು ಹಗಲಿನವು. ಅಲ್ಲಿಯ ಎಂಟರಿಂದ ಐದರವರೆಗಿನ ಹಗಲೆಂದರೆ ಇಲ್ಲಿ ಸಂಜೆ ಏಳೂವರೆಯಿಂದ ಮುಂಜಾನೆ ನಾಲ್ಕೂವರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹೆಂಗಸರ ರಾತ್ರಿ ದುಡಿಮೆಯನ್ನು ನಿಷೇಧಿಸಿತ್ತು. ಇಂಥ ಸಂಸ್ಥೆಗಳಿಗಾಗಿಯೇ 2002ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರಿನ ಉದ್ಯೋಗಿಯೊಬ್ಬಳು ರಾತ್ರಿಯ ಪಾಳಿಗೆ ಹೊರಟಿದ್ದಾಗ ಕೊಲೆಯಾದಳು. ಅಂದಿನಿಂದ ಪ್ರಯಾಣದ ಭದ್ರತೆಯ ಪ್ರಶ್ನೆ ಸಾರ್ವಜನಿಕರ ಮುಂದೆ ಬಂದಿತು. ಮನೆಯಲ್ಲಿಯೇ ಕುಳಿತು ದುಡಿಯುವ ಸಹಾಯಕಿಗೆ ಪ್ರಯಾಣದ ಭಯವಿಲ್ಲವಾದರೂ ರಾತ್ರಿ ಅವಳ ಪಾಲಿಗೆ ತಪ್ಪಿಲ್ಲ. ಧ್ವನಿಯ ಕೆಲಸ ಬಹುಮಟ್ಟಿಗೆ ಫಿಲಿಪ್ಪೀನ್ಸಿಗೆ ಸಾಗಿದ ಮೇಲೆ ಅಲ್ಲಿಯವರ ಸ್ಥಿತಿಯೂ ಇದೇ.

ಒಪ್ಪಂದ ಬರೆಯುವಾಗ ಯಜಮಾನರು ಸಾಮಾನ್ಯವಾಗಿ ಗಂಟೆಯ ದರವನ್ನೂ, ಗಿರಾಕಿಗಳ ವಿಳಾಸ ಮತ್ತು ಬ್ಯಾಂಕಿನ ಗುಪ್ತಪದಗಳ ರಕ್ಷಣೆಯನ್ನೂ ನಮೂದಿಸುತ್ತಾರೆ. ಅದು ಯುಕ್ತವೇ, ಯಾವ ಮನೆಯವರು ಯಾವ ವಾರ ಊರಿನಲ್ಲಿಲ್ಲವೆಂಬುದು ಈ ಗುಮಾಸ್ತನಿಗೆ ತಿಳಿದಿರುತ್ತದೆ. ಬೆಲೆ ಹೇಳುವ ಅಧಿಕಾರ ಅವನಿಗಿದೆಯೆ ಇಲ್ಲವೆ ಎಂಬುದನ್ನೂ ಬರೆಯಬೇಕು, ಏಕೆಂದರೆ ಕೆಲಸದ ಹೊಣೆ ಪರವಾನಗಿ ಪಡೆದವನದು. ಇವುಗಳ ಜೊತೆಗೆ ರಾತ್ರಿಯ ಗಂಟೆಗೆ ಪ್ರತ್ಯೇಕ ದರವನ್ನೂ, ವಾರಕ್ಕೊಂದು ಪೂರ್ಣ ರಾತ್ರಿಯ ವಿರಾಮವನ್ನೂ, ಅಪಾಯದ ಕರೆ ಬಂದಾಗ ಯಜಮಾನನನ್ನು ಯಾವ ಹೊತ್ತಿನಲ್ಲಾದರೂ ಎಬ್ಬಿಸಬಹುದೆಂಬ ಸ್ಪಷ್ಟ ಅನುಮತಿಯನ್ನೂ ಸೇರಿಸತಕ್ಕದ್ದು.